ಬಂಗಿಗೆ ಲೋಳೆಸರ ಹಚ್ಚಿದೆ, ಮುಖ ಇನ್ನೂ ಕಪ್ಪಾಯಿತು: ಏನು ಮಾಡಲಿ?

ಪ್ರಶ್ನೆ: ಡಾಕ್ಟರೇ, ನನಗೆ 33 ವರ್ಷ. ಹತ್ತು ತಿಂಗಳ ಮಗುವಿದೆ, ಇನ್ನೂ ಎದೆಹಾಲು ಕುಡಿಸುತ್ತಿದ್ದೇನೆ. ಬಸುರಿಯಾಗಿದ್ದಾಗ ಎರಡೂ ಕೆನ್ನೆಯ ಮೇಲೆ ಬಂಗು, ಅಂದರೆ ಕಂದು ಕಲೆ ಬಂತು. ಹೆರಿಗೆಯಾದ ಮೇಲೆ ತಾನಾಗಿಯೇ ಹೋಗುತ್ತದೆ ಎಂದಿದ್ದರು, ಪೂರ್ತಿ ಹೋಗಲಿಲ್ಲ. ಒಂದು ವಿಡಿಯೋ ನೋಡಿ, ಮನೆಯ ಕುಂಡದಲ್ಲಿರುವ ಲೋಳೆಸರದ ಎಲೆ ಕತ್ತರಿಸಿ, ಲೋಳೆಗೆ ನಾಲ್ಕು ಹನಿ ನಿಂಬೆರಸ ಬೆರೆಸಿ, ರಾತ್ರಿ ಹಚ್ಚಿಕೊಂಡು ಮಲಗತೊಡಗಿದೆ. ಮೊದಲ ಎರಡು ವಾರ ಮುಖ ತಂಪಾಗಿ, ನುಣುಪಾಗಿ ಇತ್ತು. ಆಮೇಲೆ ಉರಿ, ದವಡೆಯ ಹತ್ತಿರ ತುರಿಕೆ, ಸಣ್ಣ ಗುಳ್ಳೆಗಳು ಶುರುವಾದವು. ‘ಒಳಗಿನ ವಿಷ ಹೊರಗೆ ಬರುತ್ತಿದೆ, ನಿಲ್ಲಿಸಬೇಡಿ’ ಎಂದು ಅದೇ ವಿಡಿಯೋದಲ್ಲಿ ಹೇಳಿದ್ದರಿಂದ ಮುಂದುವರಿಸಿದೆ. ಈಗ ಬಂಗು ಮೊದಲಿಗಿಂತ ಕಪ್ಪಾಗಿದೆ. ಮಲಬದ್ಧತೆಗೆಂದು ಇಡೀ ಎಲೆಯನ್ನು ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ, ಸೋಸಿ, ಮೂರು ತಿಂಗಳಿಂದ ಬೆಳಿಗ್ಗೆ ಕುಡಿಯುತ್ತಿದ್ದೇನೆ. ಕುಡಿದ ದಿನ ಹೊಟ್ಟೆ ಹಿಂಡಿದಂತಾಗಿ ಸಲೀಸಾಗಿ ಹೋಗುತ್ತದೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ಸಕ್ಕರೆ ಕಾಯಿಲೆಗೂ ಬಿಪಿಗೂ ಮಾತ್ರೆ ತೆಗೆದುಕೊಳ್ಳುವ ನಮ್ಮ ಅತ್ತೆಯೂ ಈಗ ಜೊತೆಗೆ ಕುಡಿಯುತ್ತಿದ್ದಾರೆ. ಹೆರಿಗೆಯ ನಂತರ ಉದುರುತ್ತಿದ್ದ ಕೂದಲು ಇದೇ ಲೋಳೆ ಹಚ್ಚಿದ ಮೇಲೆ ನಿಂತಿತು, ಹಾಗಾಗಿ ಗಿಡದ ಮೇಲೆ ನಂಬಿಕೆ ಹೋಗಿಲ್ಲ. ನಾನು ಹಚ್ಚಿದ ರೀತಿ ತಪ್ಪೇ? ಅಂಗಡಿಯ ಜೆಲ್‌ಗೆ ಬದಲಿಸಲೇ?

ಉತ್ತರ: ಇವತ್ತೇ ಮಾಡಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ನೀವೂ ನಿಮ್ಮ ಅತ್ತೆಯವರೂ ಆ ರಸ ಕುಡಿಯುವುದನ್ನು ನಿಲ್ಲಿಸಿ. ಮುಖಕ್ಕೆ ಲೋಳೆಯೂ ಬೇಡ, ನಿಂಬೆಯೂ ಬೇಡ. ಅಂಗಡಿಯ ಜೆಲ್ ಕೂಡ ಸದ್ಯಕ್ಕೆ ಬೇಡ. ಅತ್ತೆಯವರ ಸಕ್ಕರೆಯನ್ನು ಒಂದೆರಡು ದಿನದೊಳಗೆ ಪರೀಕ್ಷಿಸಿ. ಅವರ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವಿದೆಯೇ ಎಂದು ಅವರ ವೈದ್ಯರನ್ನು ಕೇಳಿ. ಇದ್ದರೆ ರಕ್ತದ ಪೊಟ್ಯಾಸಿಯಂ ಮಟ್ಟವನ್ನೂ ನೋಡಬೇಕಾಗುತ್ತದೆ.

ಇನ್ನು ವಿಷಯಕ್ಕೆ ಬರೋಣ. ಲೋಳೆಸರದ ಬಗ್ಗೆ ನನ್ನ ಮುಂದೆ ಬಂದು ಕೂರುವ ಹೆಚ್ಚಿನ ಗೊಂದಲಗಳ ಬುಡ ಒಂದೇ. ಆ ಎಲೆಯೊಳಗೆ ಇರುವುದು ಒಂದು ಪದಾರ್ಥವಲ್ಲ, ಎರಡು. ಎಲೆಯನ್ನು ಅಡ್ಡಲಾಗಿ ಕತ್ತರಿಸಿ ಒಂದು ನಿಮಿಷ ನೋಡುತ್ತಾ ಕುಳಿತರೆ ನಿಮಗೇ ಗೊತ್ತಾಗುತ್ತದೆ. ಹಸಿರು ಸಿಪ್ಪೆಯ ಒಳ ಅಂಚಿನಿಂದ ಹಳದಿ ರಸ ಒಸರುತ್ತದೆ. ಅದಕ್ಕೆ ಕಟು ವಾಸನೆ, ತಡೆಯಲಾರದ ಕಹಿ. ನಡುವೆ ಇರುವುದು ಬಣ್ಣವಿಲ್ಲದ ಲೋಳೆ. ಈ ಲೋಳೆಯಲ್ಲಿ ಶೇ 98ಕ್ಕೂ ಹೆಚ್ಚು ಭಾಗ ನೀರು. ಉಳಿದ ಅಲ್ಪ ಭಾಗದಲ್ಲಿ ಅಸಿಮ್ಯಾನನ್‌ನಂಥ ಉದ್ದನೆಯ ಸಕ್ಕರೆ ಸರಪಳಿಗಳಿವೆ, ಲೋಳೆಗೆ ಆ ಜಾರುವ ಗುಣ ಬರುವುದು ಅವುಗಳಿಂದ. ಚರ್ಮಕ್ಕೆ ತೇವ, ತಂಪು ಕೊಡುವುದು ಈ ನಡುವಿನ ಭಾಗ. ಹಳದಿ ರಸದಲ್ಲಿ ಇರುವುದು ಅಲೋಯಿನ್ ಮತ್ತು ಅದರ ಬಳಗದ ರಾಸಾಯನಿಕಗಳು. ಅವು ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತವೆ, ಚರ್ಮಕ್ಕೆ ತಗುಲಿದರೆ ಹಲವರಿಗೆ ಉರಿ, ತುರಿಕೆ ತರುತ್ತವೆ. ‘ಹಳದಿ ರಸ ತೆಗೆದರೆ ಶಕ್ತಿ ಹೋಗುತ್ತದೆ’ ಎಂಬ ಮಾತನ್ನು ನೀವೂ ಕೇಳಿರಬಹುದು. ಶಕ್ತಿ ಹೋಗುವುದು ನಿಜವೇ. ಆದರೆ ಅದು ಭೇದಿಯ ಶಕ್ತಿ, ಕೆನ್ನೆಗೆ ಬೇಕಾದದ್ದಲ್ಲ.

ನೀವು ಎಲೆ ಕತ್ತರಿಸಿದ ಕೂಡಲೇ ಲೋಳೆ ಕೆರೆದು ಹಚ್ಚಿದ್ದೀರಿ ಎಂದು ಊಹಿಸುತ್ತೇನೆ. ಚಮಚದಿಂದ ಸಿಪ್ಪೆಯವರೆಗೂ ಕೆರೆದಾಗ ಹಳದಿ ರಸವೂ ಜೊತೆಗೆ ಬರುತ್ತದೆ. ಅದರ ಮೇಲೆ ನಿಂಬೆರಸ. ನಿಂಬೆರಸದ ಆಮ್ಲೀಯತೆ ಪಿಎಚ್ 2ರ ಆಸುಪಾಸಿನದು, ಚರ್ಮದ ಮೇಲ್ಮೈ ಪಿಎಚ್ ಸುಮಾರು 5 (ಅಂಕಿ ಕಡಿಮೆಯಾದಷ್ಟೂ ಆಮ್ಲ ಹೆಚ್ಚು). ಹಳದಿ ರಸ, ನಿಂಬೆರಸ ಎರಡೂ ಸೇರಿದ್ದನ್ನು ರಾತ್ರಿಯಿಡೀ ಬಿಟ್ಟರೆ ಚರ್ಮದ ಹೊರಪದರ ದಿನದಿನಕ್ಕೆ ಸವೆಯುತ್ತದೆ. ಮೊದಲ ಎರಡು ವಾರ ಚೆನ್ನಾಗಿತ್ತು, ಆಮೇಲೆ ಉರಿ ಶುರುವಾಯಿತು ಎಂದಿರಲ್ಲ, ಕೆರಳಿಕೆಯಿಂದ ಬರುವ ಚರ್ಮದ ಉರಿಯೂತ ಬಹಳ ಸಲ ಹೀಗೆಯೇ ನಿಧಾನವಾಗಿ ಕೂಡಿಕೊಂಡು ಬರುತ್ತದೆ. ನಿಜವಾದ ಅಲರ್ಜಿಯೂ ಇರಬಹುದು. ಲೋಳೆಸರಕ್ಕೆ ಅಲರ್ಜಿ ಅಪರೂಪ, ಆದರೆ ಇಲ್ಲವೆಂದಲ್ಲ. ಎರಡನ್ನೂ ನೋಟದಿಂದ ಬೇರ್ಪಡಿಸುವುದು ಕಷ್ಟ. ಅಗತ್ಯಬಿದ್ದರೆ ಬೆನ್ನಿನ ಮೇಲೆ ಮಾಡುವ ಪ್ಯಾಚ್ ಟೆಸ್ಟ್‌ನಿಂದ ತಿಳಿಯುತ್ತದೆ.

‘ವಿಷ ಹೊರಗೆ ಬರುತ್ತಿದೆ’ ಎಂಬ ಮಾತು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಕೆನ್ನೆಯ ಗುಳ್ಳೆಯ ಮೂಲಕ ದೇಹ ಯಾವ ವಿಷವನ್ನೂ ಹೊರಹಾಕುವುದಿಲ್ಲ, ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡ ಇವೆ. ಉರಿ, ತುರಿಕೆ, ಗುಳ್ಳೆ ಇವು ಚರ್ಮ ‘ಸಾಕು’ ಎನ್ನುವ ರೀತಿ. ಆಗಲೇ ನಿಲ್ಲಿಸಿದ್ದರೆ ಕಪ್ಪು ಇಷ್ಟು ಏರುತ್ತಿರಲಿಲ್ಲ. ಆದರೆ ಹಾಗೆ ಮುಂದುವರಿಸಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ, ಆ ಸಲಹೆ ಕೊಟ್ಟವರದೇ ಹೊಣೆ.

ಕಪ್ಪು ಏಕೆ ಏರಿತು? ಬಂಗು ಅಂದರೆ ಬಣ್ಣ ತಯಾರಿಸುವ ಕೋಶಗಳು ಅತಿ ಸೂಕ್ಷ್ಮವಾಗಿಬಿಟ್ಟಿರುವ ಸ್ಥಿತಿ. ಬಸುರಿಯ ಹಾರ್ಮೋನುಗಳು, ಬಿಸಿಲು, ಮನೆತನದ ಪ್ರವೃತ್ತಿ ಇವು ಅವನ್ನು ಕೆಣಕುತ್ತವೆ. ಕೆಲವರಲ್ಲಿ ಗರ್ಭನಿರೋಧಕ ಮಾತ್ರೆಯೂ ಕೆಣಕುತ್ತದೆ, ನೀವು ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ. ಇಂಥ ಚರ್ಮಕ್ಕೆ ಉರಿಯೂತ ತಾಗಿದರೆ ಅದು ಬಣ್ಣ ಇನ್ನಷ್ಟು ಸುರಿಸಿಯೇ ಉತ್ತರಿಸುತ್ತದೆ. ಗುಳ್ಳೆ ಮಾಯ್ದ ಜಾಗದಲ್ಲಿ ಕಲೆ ಉಳಿಯುವುದೂ ಇದೇ ಕಾರಣಕ್ಕೆ, ಕಂದು ಮೈಬಣ್ಣದವರಲ್ಲಿ ಇದು ಇನ್ನೂ ಹೆಚ್ಚು. ಹಾಗಾಗಿ ಈಗ ನಿಮ್ಮ ಮುಖದಲ್ಲಿರುವುದು ಹಳೆಯ ಬಂಗು ಮತ್ತು ಅದರ ಮೇಲೆ ಕೂತ ಹೊಸ ಉರಿಯೂತದ ಕಪ್ಪು. ಎರಡನೆಯದು ಕೆರಳಿಕೆ ನಿಂತರೆ ಕೆಲವು ತಿಂಗಳಲ್ಲಿ ಬಹುಪಾಲು ತಿಳಿಯಾಗುತ್ತದೆ.

ಲೋಳೆಸರ ಬಣ್ಣ ತಿಳಿಗೊಳಿಸುತ್ತದೆ ಎಂಬ ಮಾತು ಎಲ್ಲಿಂದ ಬಂತು ಎಂದು ಕೇಳಬಹುದು. ಎಲೆಯಲ್ಲಿರುವ ಅಲೋಯೆಸಿನ್ ಎಂಬ ಅಂಶ, ಚರ್ಮದ ಬಣ್ಣ ತಯಾರಿಸುವ ಟೈರೋಸಿನೇಸ್ ಎಂಬ ಕಿಣ್ವವನ್ನು ಪ್ರಯೋಗಾಲಯದಲ್ಲಿ ತಡೆಯುತ್ತದೆ. ಪ್ರಯೋಗಾಲಯದಲ್ಲಿ ಶುದ್ಧೀಕರಿಸಿದ ಅಂಶ ತೋರಿಸುವ ಗುಣಕ್ಕೂ, ನೀರೇ ತುಂಬಿರುವ ಲೋಳೆಯನ್ನು ಕೆನ್ನೆಗೆ ಸವರಿದಾಗ ಆಗುವುದಕ್ಕೂ ಬಹಳ ಅಂತರ. ಲೋಳೆ ಹಚ್ಚಿದ ಬೆಳಿಗ್ಗೆ ಮುಖ ಹೊಳೆಯುವುದು ಬಣ್ಣ ಕಡಿಮೆಯಾಗಿದ್ದರಿಂದಲ್ಲ. ತೇವ ಹೀರಿದ ಚರ್ಮ ನುಣುಪಾಗಿ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ, ಅಷ್ಟೇ.

ಮುಖಕ್ಕೆ ಮುಂದೇನು? ಎರಡರಿಂದ ನಾಲ್ಕು ವಾರ ಚರ್ಮಕ್ಕೆ ರಜೆ ಕೊಡಿ. ಸೌಮ್ಯವಾದ ಫೇಸ್‌ವಾಶ್, ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್, ಹಗಲಿನಲ್ಲಿ ಸನ್‌ಸ್ಕ್ರೀನ್, ಇಷ್ಟೇ. ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಹೆಚ್ಚಿನದಿರಲಿ, ಸಾಧ್ಯವಾದರೆ ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಛಾಯೆಯಿರುವಂಥದ್ದನ್ನು ಆರಿಸಿ. ಬಂಗನ್ನು ಕೆಣಕುವುದು ನೇರಳಾತೀತ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ಹೌದು, ಛಾಯೆಯಿಲ್ಲದ ಸನ್‌ಸ್ಕ್ರೀನ್ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಬಿಸಿಲಿಗೆ ಲೋಳೆಸರ ಹಚ್ಚಿಕೊಂಡು ಹೊರಡುವವರಿದ್ದಾರೆ, ಅದು ಸನ್‌ಸ್ಕ್ರೀನ್ ಅಲ್ಲವೇ ಅಲ್ಲ. ಚರ್ಮ ಪೂರ್ತಿ ಶಾಂತವಾದ ಮೇಲೆ ಬಂಗು ತಿಳಿಗೊಳಿಸುವ ಅಜೆಲಾಯಿಕ್ ಆಮ್ಲದ ಕ್ರೀಮನ್ನು ವೈದ್ಯರ ಸಲಹೆಯಂತೆ ಶುರುಮಾಡಬಹುದು, ಎದೆಹಾಲು ಕುಡಿಸುವವರಿಗೂ ಅದು ಒಗ್ಗುತ್ತದೆ. ಮೊದಲು ಸ್ವಲ್ಪ ಚುರುಗುಟ್ಟುವುದುಂಟು, ಫಲ ತಿಳಿಯಲು ಮೂರು ನಾಲ್ಕು ತಿಂಗಳು ಬೇಕು. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಇರುವ ಕ್ರೀಮುಗಳು ಇನ್ನೂ ಬಲವಾದವು, ಆದರೆ ನಿಮ್ಮ ಈಗಿನ ಸ್ಥಿತಿಗೆ ಅವನ್ನು ಮುಂದಕ್ಕೆ ಹಾಕುವುದೇ ಸರಿ. ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಒಂದೇ ವಾರದಲ್ಲಿ ಮುಖ ಬೆಳ್ಳಗೆ ಮಾಡುವ ಟ್ಯೂಬನ್ನು ಯಾರಾದರೂ ಕೈಗಿಟ್ಟರೆ ಅದರಲ್ಲಿ ಸ್ಟೀರಾಯ್ಡ್ ಇದೆಯೇ ಎಂದು ನೋಡಿ. ಲೋಳೆಸರ ಮಾಡಿದ ಹಾನಿ ಮಾಯುತ್ತದೆ. ತಿಂಗಳುಗಟ್ಟಲೆ ಹಚ್ಚಿದ ಸ್ಟೀರಾಯ್ಡ್‌ನಿಂದ ತೆಳುವಾದ, ಕೆಂಪು ರಕ್ತನಾಳಗಳು ಎದ್ದ ಮುಖವನ್ನು ಸರಿಪಡಿಸಲು ವರ್ಷಗಳು ಹಿಡಿಯುತ್ತವೆ.

ಈಗ ಹೊಟ್ಟೆಯ ವಿಷಯ. ನನ್ನ ಕ್ಷೇತ್ರ ಚರ್ಮವೇ ಆದರೂ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಭಾಗ. ಸಿಪ್ಪೆ ಸಮೇತ ರುಬ್ಬಿದಾಗ ನೀವು ಕುಡಿದದ್ದು ಲೋಳೆಯ ಜೊತೆಗೆ ಹಳದಿ ರಸವನ್ನೂ, ಅಂದರೆ ಅಳತೆಯಿಲ್ಲದ ಭೇದಿ ಔಷಧವನ್ನು. ಅಲೋಯಿನ್ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ರೂಪ ಬದಲಿಸಿಕೊಂಡು, ಕರುಳಿನ ಗೋಡೆಯನ್ನು ಕೆರಳಿಸಿ ಹಿಂಡಿಸುತ್ತದೆ. ನೀರು, ಲವಣ ಹೀರಿಕೊಳ್ಳುವುದನ್ನೂ ತಡೆಯುತ್ತದೆ. ನಿಮ್ಮ ಹೊಟ್ಟೆ ಹಿಂಡುವುದು ಇದಕ್ಕೇ. ತಿಂಗಳುಗಟ್ಟಲೆ ಹೀಗೆ ಮಾಡಿದಾಗ ದೇಹದಿಂದ ನೀರು, ಪೊಟ್ಯಾಸಿಯಂ ಹೋಗುತ್ತವೆ. ಪೊಟ್ಯಾಸಿಯಂ ಇಳಿದರೆ ಕರುಳಿನ ಸ್ನಾಯುವೂ ಸೋಮಾರಿಯಾಗುತ್ತದೆ, ಆಗ ರಸ ಬಿಟ್ಟ ದಿನ ಕಟ್ಟಿದಂತಾಗಿ ಮತ್ತೆ ರಸದ ಕಡೆಗೇ ಕೈ ಹೋಗುತ್ತದೆ.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಗಳಲ್ಲಿ ಲೋಳೆಸರದ ಈ ರಸ ಇರಕೂಡದೆಂದು 2002ರಲ್ಲಿ ಆದೇಶಿಸಿತು. ಸುರಕ್ಷತೆಯ ಬಗ್ಗೆ ಸಾಕಷ್ಟು ಮಾಹಿತಿಯನ್ನು ತಯಾರಕರು ಕೊಡದಿದ್ದದ್ದು ಕಾರಣ. ಬಳಿಕ ಅಲ್ಲಿನ ಸರ್ಕಾರಿ ಅಧ್ಯಯನವೊಂದರಲ್ಲಿ, ಹಳದಿ ರಸ ತೆಗೆಯದ ಇಡೀ ಎಲೆಯ ಸಾರವನ್ನು ನೀರಿನಲ್ಲಿ ಬೆರೆಸಿ ಎರಡು ವರ್ಷ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗಡ್ಡೆಗಳು ಕಂಡವು. ಅದರ ಆಧಾರದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ ಇಡೀ ಎಲೆಯ ಸಾರವನ್ನು 2ಬಿ ಗುಂಪಿಗೆ ಸೇರಿಸಿದೆ, ಅಂದರೆ ‘ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇದೆ’ ಎಂಬ ಗುಂಪು. ಗಾಬರಿಯಾಗಬೇಡಿ. ಇದು ಇಲಿಯ ಫಲಿತಾಂಶ, ಮೂರು ತಿಂಗಳು ಕುಡಿದವರಿಗೆ ಕ್ಯಾನ್ಸರ್ ಬಂತೆಂದು ಇದರ ಅರ್ಥವಲ್ಲ. ಆದರೆ ದಿನವೂ ಕುಡಿಯುವ ಪಾನೀಯವಾಗಿ ಇದನ್ನು ನಾನು ಯಾರಿಗೂ ಹೇಳಲಾರೆ. ಅಪರೂಪಕ್ಕೆ ಯಕೃತ್ತಿನ ಉರಿಯೂತವಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಣ್ಣು ಹಳದಿಯಾಗುವುದು, ಮೂತ್ರ ಕಡು ಬಣ್ಣಕ್ಕೆ ತಿರುಗುವುದು, ಊಟ ಸೇರದಿರುವುದು ಕಂಡರೆ ತಡಮಾಡದೆ ತೋರಿಸಿ.

ಎದೆಹಾಲು ಕುಡಿಸುವಾಗ, ಬಸುರಿಯಲ್ಲಿ, ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹಳದಿ ರಸವಿರುವ ಯಾವುದೂ ಬೇಡ. ಈ ಅಂಶಗಳು ಸ್ವಲ್ಪ ಮಟ್ಟಿಗೆ ಹಾಲಿಗೆ ಇಳಿಯಬಹುದು. ಮಗುವಿಗೆ ಈಚೆಗೆ ಕಾರಣವಿಲ್ಲದೆ ಭೇದಿಯಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ಇದನ್ನು ತಿಳಿಸಿ. ಹಾಲು ಕುಡಿಸುವುದನ್ನು ನಿಲ್ಲಿಸುವ ಅಗತ್ಯವಿಲ್ಲ, ರಸ ನಿಲ್ಲಿಸಿದರೆ ಸಾಕು.

ಮಲಬದ್ಧತೆಗೆ ಬೇರೆ ದಾರಿಗಳಿವೆ, ಆದರೆ ಮೊದಲು ಕಾರಣ ಹುಡುಕಬೇಕು. ಹೆರಿಗೆಯ ನಂತರ ಕಬ್ಬಿಣದ ಮಾತ್ರೆ ನುಂಗುತ್ತಿದ್ದೀರಾ? ಮಲ ಗಟ್ಟಿಯಾಗಲು ಅದು ಬಹಳ ಸಾಮಾನ್ಯ ಕಾರಣ, ಮಾತ್ರೆಯ ಬಗೆಯನ್ನು ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೆರಿಗೆಯಾದ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದೂ ಉಂಟು. ಮಲಬದ್ಧತೆ, ಕೂದಲು ಉದುರುವುದು, ಸುಸ್ತು ಮೂರೂ ಇದ್ದರೆ ಥೈರಾಯ್ಡ್‌ನ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು. ಹಾಲೂಡಿಸುವವರಿಗೆ ನೀರು ಹೆಚ್ಚು ಬೇಕು, ಅದು ಸಾಲದಿದ್ದರೂ ಕಟ್ಟುತ್ತದೆ. ಇಸಬ್ಗೋಲನ್ನು ಧಾರಾಳ ನೀರಿನೊಂದಿಗೆ ತೆಗೆದುಕೊಳ್ಳಬಹುದು, ನೀರು ಕಡಿಮೆಯಾದರೆ ಅದೇ ಅಡ್ಡಗಟ್ಟುತ್ತದೆ. ಸಾಲದಿದ್ದರೆ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಇವೆ. ಇವು ಕರುಳನ್ನು ಹಿಂಡಿಸುವುದಿಲ್ಲ, ಮಲದಲ್ಲಿ ನೀರು ಉಳಿಯುವಂತೆ ಮಾಡುತ್ತವೆ, ಎದೆಹಾಲು ಕುಡಿಸುವವರೂ ಬಳಸಬಹುದು. ರಸ ನಿಲ್ಲಿಸಿದ ಮೊದಲ ಒಂದೆರಡು ವಾರ ಹೊಟ್ಟೆ ಮುಷ್ಕರ ಹೂಡಬಹುದು, ಆಗ ಹೆದರಿ ಮತ್ತೆ ಎಲೆ ಕತ್ತರಿಸಬೇಡಿ. ಮಲದಲ್ಲಿ ರಕ್ತ ಕಂಡರೆ ಮಾತ್ರ ಕಾಯಬೇಡಿ.

ಅತ್ತೆಯವರಿಗೆ ಅಪಾಯ ಇನ್ನೊಂದು ಬಗೆಯದು. ಲೋಳೆಸರ ಸೇವನೆಯಿಂದ ರಕ್ತದ ಸಕ್ಕರೆ ಸ್ವಲ್ಪ ಇಳಿಯುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ಹೇಳಿವೆ. ಒಳ್ಳೆಯದೇ ಅಲ್ಲವೇ ಎನಿಸಬಹುದು. ಆದರೆ ಮಾತ್ರೆಯೂ ಇಳಿಸುತ್ತಿದೆ, ರಸವೂ ಇಳಿಸುತ್ತಿದೆ, ಮನೆಯಲ್ಲಿ ರುಬ್ಬಿದ ರಸಕ್ಕೆ ಇವತ್ತಿನ ಅಳತೆ ನಾಳೆಗಿಲ್ಲ. ಬೆವರು, ನಡುಕ, ತಲೆಸುತ್ತು ಬಂದರೆ ಸಕ್ಕರೆ ಕುಸಿದಿರಬಹುದು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳಲ್ಲಿ ಹೆಚ್ಚಿನವು ಪೊಟ್ಯಾಸಿಯಂ ಕಳೆಯುತ್ತವೆ, ಭೇದಿಯೂ ಕಳೆಯುತ್ತದೆ. ಎರಡೂ ಕೂಡಿದರೆ ಹೃದಯದ ಬಡಿತವೇ ಏರುಪೇರಾಗಬಹುದು. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗಂತೂ ಇದು ನೇರ ಅಪಾಯ. ರಕ್ತ ತೆಳುಮಾಡುವ ವಾರ್ಫರಿನ್ ಇದ್ದರೂ ಬೇಡ. ಶಸ್ತ್ರಚಿಕಿತ್ಸೆ ಗೊತ್ತಾಗಿದ್ದರೆ ಕುಡಿಯುತ್ತಿದ್ದ ಸಂಗತಿಯನ್ನು ಅರಿವಳಿಕೆ ಕೊಡುವವರಿಗೆ ಮುಚ್ಚಿಡಬಾರದು. ‘ಔಷಧ ಏನಾದರೂ ತಗೋತೀರಾ’ ಎಂದು ಕೇಳಿದಾಗ ಹೆಚ್ಚಿನವರು ಗಿಡದ ರಸವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಬಾಟಲಿಯಲ್ಲಿ ಬರುವ ಲೋಳೆಸರದ ಜ್ಯೂಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಮುಂದಿನ ಯೋಚನೆ ಅದೇ ಇರುತ್ತದೆ. ಒಳಲೋಳೆಯಿಂದ ಮಾತ್ರ ಮಾಡಿದ್ದು ಅಥವಾ ಇದ್ದಿಲಿನಿಂದ ಸೋಸಿ ಹಳದಿ ಅಂಶ ತೆಗೆದದ್ದು ಮನೆಯ ರಸಕ್ಕಿಂತ ಎಷ್ಟೋ ಸುರಕ್ಷಿತ. ಕುಡಿಯುವ ಉತ್ಪನ್ನದಲ್ಲಿ ಅಲೋಯಿನ್ ಹತ್ತು ಲಕ್ಷಕ್ಕೆ 10 ಭಾಗ ಮೀರಬಾರದೆಂದು ಈ ಉದ್ಯಮವೇ ಹಾಕಿಕೊಂಡ ಮಿತಿಯಿದೆ. ಆದರೆ ಹಳದಿ ಅಂಶ ಹೋದ ಮೇಲೆ ಅದು ಭೇದಿ ಮಾಡಿಸುವುದಿಲ್ಲ, ಹಾಗಾಗಿ ನಿಮ್ಮ ಸಮಸ್ಯೆಗೆ ಅದರಿಂದ ಪ್ರಯೋಜನವೂ ಇಲ್ಲ.

ಕೂದಲಿನ ಮಾತು ಚಿಕ್ಕದು. ಬಸುರಿಯಲ್ಲಿ ಉದುರದೆ ನಿಂತ ಕೂದಲು ಹೆರಿಗೆಯಾದ ಎರಡು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತದೆ. ಹೆಚ್ಚಿನವರಲ್ಲಿ ವರ್ಷದೊಳಗೆ ತಾನಾಗಿ ನಿಲ್ಲುತ್ತದೆ. ನೀವು ಲೋಳೆ ಹಚ್ಚಿದ್ದು ಸರಿಯಾಗಿ ಅದು ನಿಲ್ಲುವ ಹೊತ್ತಿಗೆ. ಏನೂ ಹಚ್ಚದಿದ್ದರೂ ನಿಲ್ಲುತ್ತಿತ್ತು. ಲೋಳೆಸರದಿಂದ ಹೊಸ ಕೂದಲು ಹುಟ್ಟುತ್ತದೆ ಎನ್ನಲು ಆಧಾರವಿಲ್ಲ. ತಲೆಹೊಟ್ಟಿನ ತುರಿಕೆ ಕಡಿಮೆಯಾದೀತು ಎನ್ನಲು ಸ್ವಲ್ಪ ಆಧಾರವಿದೆ, ನೆತ್ತಿಗೆ ತಂಪೆನಿಸಿದರೆ ಅಷ್ಟಕ್ಕೆ ಬಳಸಿ.

ಹಾಗಾದರೆ ಲೋಳೆಸರ ಯಾವುದಕ್ಕೂ ಬೇಡವೇ? ಹಾಗೇನಿಲ್ಲ. ಎಕ್ಸ್-ರೇ ಚಿಕಿತ್ಸೆಯಿಂದ ಸುಟ್ಟ ಚರ್ಮಕ್ಕೆ ಹಸಿ ಎಲೆ ಬಳಸಿ ಗುಣವಾಯಿತೆಂದು 1935ರಲ್ಲೇ ವೈದ್ಯಕೀಯ ವರದಿ ಬಂದಿತ್ತು, ಆಧುನಿಕ ವೈದ್ಯಕೀಯದ ಆಸಕ್ತಿ ಕೆರಳಿದ್ದು ಅಲ್ಲಿಂದ. ಸಣ್ಣ ಸುಟ್ಟಗಾಯ ಬೇಗ ಮಾಯುತ್ತದೆ ಎಂದು ಹಲವು ಚಿಕ್ಕ ಅಧ್ಯಯನಗಳು ಹೇಳಿವೆ. ಆದರೆ ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಗಾಯಗಳ ಬಗೆಗಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಗಟ್ಟಿ ಪುರಾವೆ ಇಲ್ಲವೆಂದಿತು. 1991ರ ಒಂದು ಅಧ್ಯಯನದಲ್ಲಂತೂ ತೆರೆದುಕೊಂಡಿದ್ದ ಶಸ್ತ್ರಚಿಕಿತ್ಸೆಯ ಗಾಯ ಲೋಳೆಸರದ ಜೆಲ್ ಹಚ್ಚಿದವರಲ್ಲಿ ಮಾಯಲು ಹೆಚ್ಚು ಸಮಯ ಹಿಡಿಯಿತು. ಅನುಭವದಿಂದ ಹೇಳುವುದಾದರೆ, ಬಿಸಿಲಿಗೆ ಕೆಂಪಾದ ಚರ್ಮ, ಅಡುಗೆಮನೆಯ ಸಣ್ಣ ಸುಟ್ಟಗಾಯ, ಕ್ಷೌರದ ನಂತರದ ಉರಿ ಇವಕ್ಕೆ ಇದು ಹಿತ. ಸುಟ್ಟ ಕೂಡಲೇ ಮೊದಲು ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಲೋಳೆಯ ಸರದಿ ಆಮೇಲೆ. ಗುಳ್ಳೆ ಒಡೆದಿದ್ದರೆ, ಅಂಗೈಗಿಂತ ದೊಡ್ಡದಿದ್ದರೆ, ಮುಖ ಅಥವಾ ಕೈಬೆರಳ ಸಂದಿಯಲ್ಲಿದ್ದರೆ, ಮಗುವಿಗಾಗಿದ್ದರೆ ಲೋಳೆ ಹಚ್ಚದೆ ಆಸ್ಪತ್ರೆಗೆ ಹೋಗಿ. ಮೊಡವೆಗೆ ಟ್ರೆಟಿನಾಯಿನ್ ಬಳಸುವವರಿಗೆ ಜೊತೆಯಲ್ಲಿ ಲೋಳೆಸರದ ಜೆಲ್ ಕೊಟ್ಟಾಗ ಟ್ರೆಟಿನಾಯಿನ್ ಒಂದಕ್ಕಿಂತ ಒಳ್ಳೆಯ ಫಲ ಬಂದ ಅಧ್ಯಯನವೊಂದಿದೆ. ಸೋರಿಯಾಸಿಸ್‌ನಲ್ಲಿ ಒಂದು ಅಧ್ಯಯನ ಹೌದೆಂದರೆ ಇನ್ನೊಂದು ಇಲ್ಲವೆನ್ನುತ್ತದೆ.

ಅಂಗಡಿಯ ಜೆಲ್ ಬಗ್ಗೆ ಕೇಳಿದಿರಿ. ಹಳದಿ ರಸ ತೆಗೆದಿರುತ್ತಾರೆ ಎಂಬುದು ಅದರ ದೊಡ್ಡ ಅನುಕೂಲ. ಆದರೆ ಅದರಲ್ಲೂ ಪರಿಮಳ, ಹಸಿರು ಬಣ್ಣ, ಆಲ್ಕೋಹಾಲ್ ಇರಬಹುದು. ನಿಜವಾದ ಲೋಳೆಗೆ ಹಸಿರು ಬಣ್ಣವೇ ಇಲ್ಲ, ಹಾಗಾಗಿ ಕಡು ಹಸಿರು ಡಬ್ಬಿಯನ್ನು ನಾನು ಪಕ್ಕಕ್ಕಿಡುತ್ತೇನೆ. ಘಟಕಗಳ ಪಟ್ಟಿಯಲ್ಲಿ ಹೆಚ್ಚು ಇರುವುದನ್ನು ಮೊದಲು ಬರೆಯುತ್ತಾರೆ, ಲೋಳೆಸರದ ಸಸ್ಯಶಾಸ್ತ್ರೀಯ ಹೆಸರಾದ ‘ಅಲೋ ಬಾರ್ಬಡೆನ್ಸಿಸ್’ ಕೊನೆಯ ಸಾಲಿನಲ್ಲಿದ್ದರೆ ನೀವು ಕೊಳ್ಳುತ್ತಿರುವುದು ಬೇರೇನೋ. ಇನ್ನೊಂದು ಸಂಗತಿ: ಲೋಳೆ ನೀರಿನಂಶ ಕೊಡುತ್ತದೆ, ಹಿಡಿದಿಡುವುದಿಲ್ಲ. ಒಣಚರ್ಮದವರಿಗೆ ಲೋಳೆ ಒಣಗಿದ ಮೇಲೆ ಮುಖ ಬಿಗಿದಂತಾಗುವುದು ಇದಕ್ಕೇ. ಅದರ ಮೇಲೆ ತೆಳ್ಳಗೆ ಮಾಯಿಶ್ಚರೈಸರ್ ಬೇಕು.

ಚರ್ಮ ಶಾಂತವಾಗಿ ಒಂದೆರಡು ತಿಂಗಳಾದ ಮೇಲೆ ಹಸಿ ಎಲೆಯನ್ನೇ ಬಳಸುವ ಆಸೆ ಇದ್ದರೆ, ಮೊದಲು ಗಿಡ ಯಾವುದೆಂದು ಖಚಿತಪಡಿಸಿಕೊಳ್ಳಿ. ಕತ್ತಾಳೆಯನ್ನು ಲೋಳೆಸರವೆಂದು ತಿಳಿದು ಹಚ್ಚಿಕೊಂಡು ಬಂದವರಿದ್ದಾರೆ. ಅದರ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿದ್ದು ಚರ್ಮ ಬೆಂದಂತಾಗುತ್ತದೆ. ಲೋಳೆಸರದ ಎಲೆಯನ್ನು ಬುಡದಲ್ಲಿ ಕತ್ತರಿಸಿ, ಕತ್ತರಿಸಿದ ತುದಿ ಕೆಳಗಾಗುವಂತೆ ಹದಿನೈದು ನಿಮಿಷ ನಿಲ್ಲಿಸಿ, ಹಳದಿ ರಸ ಇಳಿಯಲಿ. ಎಲೆ ತೊಳೆದು, ಮುಳ್ಳಿನ ಅಂಚುಗಳನ್ನೂ ಸಿಪ್ಪೆಯನ್ನೂ ದಪ್ಪವಾಗಿ ತೆಗೆದು, ಒಳಗಿನ ಲೋಳೆ ತುಂಡನ್ನು ಮತ್ತೊಮ್ಮೆ ತೊಳೆಯಿರಿ. ಸಿಪ್ಪೆಗೆ ಅಂಟಿದ್ದನ್ನು ಕೆರೆಯುವ ಆಸೆ ಬೇಡ. ಏನೂ ಬೆರೆಸಬೇಡಿ. ಮೊಣಕೈ ಒಳಮಡಿಕೆಯಲ್ಲಿ ದಿನಕ್ಕೆರಡು ಸಲದಂತೆ ಒಂದು ವಾರ ಹಚ್ಚಿ ನೋಡಿ. ಒಂದು ರಾತ್ರಿಯ ಪರೀಕ್ಷೆ ಸಾಲದು, ನಿಮಗೇ ಎರಡು ವಾರದ ನಂತರ ಶುರುವಾಯಿತಲ್ಲ. ಒಗ್ಗಿದರೂ ಮುಖಕ್ಕೆ ಇಪ್ಪತ್ತು ನಿಮಿಷ ಬಿಟ್ಟು ತೊಳೆದರೆ ಸಾಕು. ಉಳಿದ ಲೋಳೆ ಫ್ರಿಜ್‌ನಲ್ಲಿ ಒಂದೆರಡು ದಿನ ಇರುತ್ತದೆ, ಆಮೇಲೆ ಬ್ಯಾಕ್ಟೀರಿಯಾಗಳ ಪಾಲು. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ಸಿಪ್ಪೆಯನ್ನು ಅವುಗಳ ಬಾಯಿಗೆ ಸಿಗದಂತೆ ಬಿಸಾಡಿ, ಅವಕ್ಕೆ ವಾಂತಿ, ಭೇದಿ ಆಗುತ್ತದೆ.

ಎಲ್ಲ ನಿಲ್ಲಿಸಿ ಎರಡು ವಾರವಾದರೂ ಉರಿ, ತುರಿಕೆ ಇಳಿಯದಿದ್ದರೆ, ಅಥವಾ ಕಣ್ಣಿನ ಸುತ್ತ ಊದಿಕೊಂಡರೆ ಹತ್ತಿರದ ಚರ್ಮರೋಗ ತಜ್ಞರನ್ನು ನೋಡಿ. ಹೋಗುವಾಗ ಮುಖಕ್ಕೆ ಹಚ್ಚಿದ ಪ್ರತಿಯೊಂದು ಟ್ಯೂಬ್, ಡಬ್ಬಿ, ನುಂಗುತ್ತಿರುವ ಮಾತ್ರೆಯ ಹಾಳೆ ಎಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ. ಬಸುರಿಗೆ ಮುಂಚಿನ, ಲೋಳೆಸರ ಶುರುಮಾಡುವ ಮುಂಚಿನ ಫೋಟೋಗಳು ಫೋನಿನಲ್ಲಿದ್ದರೆ ತೋರಿಸಿ. ಬಂಗು ಎಷ್ಟು, ಮೇಲೆ ಕೂತ ಕಪ್ಪು ಎಷ್ಟು ಎಂದು ಅಳೆಯಲು ನಮಗೆ ಅದಕ್ಕಿಂತ ಒಳ್ಳೆಯ ಸಾಧನ ಸಿಗುವುದಿಲ್ಲ.